ಹಳೆಯ ಕಾರಿನ ಪೆಟ್ರೋಲ್ ಮುಳ್ಳು ಸುಳ್ಳು ತೋರಿಸತೊಡಗಿದರೆ: ದೋಷ ಹುಡುಕುವ ಕ್ರಮ

ಮಾವಿನ ಸುಗ್ಗಿಯ ಒಂದು ರಾತ್ರಿ ಶ್ರೀನಿವಾಸಪುರದಿಂದ ಕೋಲಾರಕ್ಕೆ ಹಿಂತಿರುಗುತ್ತಿದ್ದಾಗ ನಮ್ಮ ಹಳೆಯ ಮಾರುತಿ 800 ಕಾರು ನಾಲ್ಕಾರು ಬಾರಿ ಮುಗ್ಗರಿಸಿ ದಾರಿಯಲ್ಲೇ ನಿಂತುಬಿಟ್ಟಿತು. ಪೆಟ್ರೋಲ್ ಮೀಟರಿನ ಮುಳ್ಳು ಕಾಲು ಟ್ಯಾಂಕಿನ ಗೆರೆಗಿಂತ ಸ್ವಲ್ಪ ಮೇಲೆಯೇ ಇದ್ದುದರಿಂದ ಪೆಟ್ರೋಲ್ ಮುಗಿದಿರಬಹುದೆಂಬ ಯೋಚನೆ ನಮಗೆ ಬರಲಿಲ್ಲ. ಪ್ಲಗ್ ಬಿಚ್ಚಿ ಒರೆಸಿ, ಕಾರ್ಬುರೇಟರಿನ ಪೈಪು ನೋಡಿ, ಸುಮಾರು ಒಂದು ಗಂಟೆ ಕತ್ತಲಲ್ಲಿ ಕಳೆದ ಮೇಲೆ, ಕಾರನ್ನು ಹಿಂದಿನಿಂದ ಅಲುಗಾಡಿಸಿ ಕಿವಿಗೊಟ್ಟಾಗಲೇ ಟ್ಯಾಂಕ್ ಬರಿದಾಗಿದೆಯೆಂದು ತಿಳಿದದ್ದು. ಮರುದಿನ ಗ್ಯಾರೇಜಿನಲ್ಲಿ "ಮೀಟರ್ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ" ಎಂದರು, ಹಾಕಿದರು, ದುಡ್ಡನ್ನೂ ತೆಗೆದುಕೊಂಡರು. ಹೊಸ ಮೀಟರಿನ ಮುಳ್ಳೂ ಅದೇ ಕಾಲು ಗೆರೆಯ ಮೇಲೆ ಹೋಗಿ ನಿಂತಿತು.

ಆ ಅನುಭವದ ನಂತರ ಈ ಕೆಲಸವನ್ನು ಕ್ರಮವಾಗಿ ಕಲಿತೆ. ಪೆಟ್ರೋಲ್ ಮೀಟರಿನ ವ್ಯವಸ್ಥೆಯಲ್ಲಿ ಇರುವುದು ಮೂರೇ ಭಾಗ: ಟ್ಯಾಂಕಿನೊಳಗಿನ ಫ್ಲೋಟ್ ಯೂನಿಟ್, ಅಲ್ಲಿಂದ ಮುಂದಕ್ಕೆ ಬರುವ ವೈರು ಮತ್ತು ಡ್ಯಾಶ್‌ಬೋರ್ಡಿನಲ್ಲಿರುವ ಮೀಟರ್. ದೋಷ ಈ ಮೂರರಲ್ಲಿ ಎಲ್ಲಿದೆ ಎಂಬುದನ್ನು ನಿರ್ಧರಿಸಿಕೊಳ್ಳದೆ ಯಾವ ಬಿಡಿಭಾಗವನ್ನೂ ಕೊಳ್ಳಬಾರದು. ವೋಲ್ಟೇಜ್ ಮತ್ತು ಪ್ರತಿರೋಧ ಅಳೆಯುವ ಒಂದು ಮಲ್ಟಿಮೀಟರ್, ಒಂದೆರಡು ಮೊಳ ವೈರು ಮತ್ತು ಒಂದು ಸಣ್ಣ ಬಲ್ಬು ಇದ್ದರೆ ಅದನ್ನು ಮನೆಯಂಗಳದಲ್ಲೇ ನಿರ್ಧರಿಸಬಹುದು.

ಇದು ಕೆಲಸ ಮಾಡುವ ಬಗೆ

ಟ್ಯಾಂಕಿನೊಳಗೆ ಒಂದು ತೇಲು ಇರುತ್ತದೆ. ಹಳೆಯ ವಾಹನಗಳಲ್ಲಿ ಅದು ಹಿತ್ತಾಳೆಯದು, ನಂತರದವುಗಳಲ್ಲಿ ಪ್ಲಾಸ್ಟಿಕ್ ಅಥವಾ ಗಟ್ಟಿ ಫೋಮಿನದು. ಪೆಟ್ರೋಲ್ ಮಟ್ಟ ಏರಿಳಿದಂತೆ ತೇಲು ಏರಿಳಿಯುತ್ತದೆ, ಅದಕ್ಕೆ ಜೋಡಿಸಿದ ತಂತಿಯ ತೋಳು ಒಂದು ಪ್ರತಿರೋಧಕದ ಪಟ್ಟಿಯ ಮೇಲೆ ಜಾರುತ್ತದೆ. ತೋಳು ಎಲ್ಲಿ ನಿಂತಿದೆ ಎಂಬುದರ ಮೇಲೆ ಪ್ರತಿರೋಧ ಹೆಚ್ಚು ಕಡಿಮೆಯಾಗಿ, ಮೀಟರಿನ ಮೂಲಕ ಹರಿಯುವ ವಿದ್ಯುತ್ತು ಬದಲಾಗುತ್ತದೆ, ಮುಳ್ಳು ಸರಿಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಹಳೆಯ ಕಾರುಗಳಲ್ಲಿ ಟ್ಯಾಂಕ್ ತುಂಬಿದಾಗ ಪ್ರತಿರೋಧ ಕಡಿಮೆ, ಬರಿದಾದಾಗ ಹೆಚ್ಚು. ಎಲ್ಲ ವಾಹನಗಳಲ್ಲೂ ಹೀಗೆಯೇ ಇರುವುದಿಲ್ಲ. ಯುರೋಪಿನ ವಿಡಿಒ ಕಂಪನಿಯ ಮಾದರಿಯ ಯೂನಿಟ್ಟಿನಲ್ಲಿ ಬರಿದಾದಾಗ 10 ಓಮ್ (ಪ್ರತಿರೋಧದ ಅಳತೆ), ತುಂಬಿದಾಗ 180 ಓಮ್ ಇದ್ದರೆ, ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಬರಿದಾದಾಗ 240, ತುಂಬಿದಾಗ 33 ಓಮ್ ಇರುತ್ತದೆ. ಆದ್ದರಿಂದಲೇ ಒಂದು ವಾಹನದ ಯೂನಿಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಮುಳ್ಳು ತಲೆಕೆಳಗಾಗಿ ಓಡುವುದೂ ಉಂಟು.

ಮೊದಲು ಮಾಡಬೇಕಾದದ್ದು: ಮೀಟರ್ ನಿಜವಾಗಿಯೂ ತಪ್ಪೇ ಎಂದು ಅಳೆಯುವುದು

ಟ್ಯಾಂಕುಗಳು ಚಚ್ಚೌಕವಾಗಿರುವುದಿಲ್ಲ. ಚಕ್ರ, ಆಕ್ಸಲ್, ಸೈಲೆನ್ಸರ್ ಪೈಪುಗಳಿಗೆ ಜಾಗ ಬಿಡಲು ಅವುಗಳನ್ನು ಅಂಕುಡೊಂಕಾಗಿ ಮಾಡಿರುತ್ತಾರೆ. ಹೀಗಾಗಿ ಮೇಲಿನ ಅರ್ಧ ನಿಧಾನವಾಗಿಯೂ ಕೆಳಗಿನ ಅರ್ಧ ಬೇಗನೆಯೂ ಇಳಿದಂತೆ ಕಾಣುವುದು ದೋಷವಲ್ಲ. ನಂದಿಬೆಟ್ಟದ ಏರಿನಲ್ಲೋ ದೇವರಾಯನದುರ್ಗದ ತಿರುವಿನಲ್ಲೋ ಮುಳ್ಳು ಒಂದಿಷ್ಟು ಆಚೀಚೆ ಸರಿಯುವುದೂ ಸಹಜ, ಏಕೆಂದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಒಂದು ಬದಿಗೆ ಸೇರುತ್ತದೆ. ಬೈಮೆಟಲ್ (ಎರಡು ಲೋಹ ಸೇರಿಸಿದ ಪಟ್ಟಿಯ) ಮಾದರಿಯ ಹಳೆಯ ಮೀಟರುಗಳಲ್ಲಿ ಒಳಗಿನ ಪಟ್ಟಿ ಬಿಸಿಯಾಗಿ ಬಾಗಬೇಕಾದ್ದರಿಂದ ಕೀ ತಿರುಗಿಸಿದ ಮೇಲೆ ಮುಳ್ಳು ತನ್ನ ಸ್ಥಾನಕ್ಕೆ ಬರಲು ಅರ್ಧ ನಿಮಿಷವಾದರೂ ಬೇಕು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಒಂದು ನಿಮಿಷ ಕಾದು ನೋಡಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ನಂತರ ಹೀಗೆ ಮಾಡಿ. ಮುಳ್ಳು ಕಾಲು ಗೆರೆಗೆ ಬಂದಾಗ ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿ, ಮೊದಲ ಸಲ ನಾಜಲ್ ತಾನಾಗಿ ನಿಂತಾಗಲೇ ನಿಲ್ಲಿಸಿ, ಎಷ್ಟು ಲೀಟರ್ ಹಿಡಿಯಿತೆಂದು ಬರೆದುಕೊಳ್ಳಿ. ಮಾರುತಿ 800 ಕಾರಿನ ಟ್ಯಾಂಕ್ 28 ಲೀಟರಿನದು. ಕಾಲು ಗೆರೆಯಲ್ಲಿ 20 ಲೀಟರ್ ಹಿಡಿದರೆ ಒಳಗೆ ಸುಮಾರು 8 ಲೀಟರ್ ಇತ್ತೆಂದು ಅರ್ಥ, ಮೀಟರಿನ ಮೇಲೆ ಅನುಮಾನ ಬೇಡ. 26 ಲೀಟರ್ ಹಿಡಿದರೆ ಮೀಟರ್ ಖಂಡಿತ ತಪ್ಪು. ಒಂದೇ ಸಲ ನೋಡಿ ತೀರ್ಮಾನಿಸದೆ ಎರಡು ಮೂರು ಸಲ ಒಂದೇ ಬಂಕಿನಲ್ಲಿ ಅಳೆಯುವುದು ಒಳ್ಳೆಯದು.

ಬಂಕಿನ ಅಳತೆಯ ಮೇಲೆಯೇ ಸಂಶಯವಿದ್ದರೆ ಅದಕ್ಕೂ ದಾರಿಯಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆಯನ್ನು ಪ್ರತಿ ಬಂಕಿನಲ್ಲೂ ಇಟ್ಟಿರಬೇಕು, ಗ್ರಾಹಕರು ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರಿನಷ್ಟು ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಬಂಕಿನವರು ಕಡಿಮೆ ಹಾಕಿದರೆಂದು ಜಗಳಕ್ಕೆ ನಿಂತವರ ಕಾರಿನಲ್ಲಿ ಮೀಟರೇ ಕೆಟ್ಟಿದ್ದುದನ್ನು ನಾನು ಕಂಡಿದ್ದೇನೆ. ಅಳತೆ ಪಾತ್ರೆ ಕೇಳಿದ್ದರೆ ಆ ಜಗಳ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಲಕ್ಷಣಗಳನ್ನು ಓದುವುದು

ಮುಳ್ಳು ಹೇಗೆ ತಪ್ಪುತ್ತದೆ ಎಂಬುದನ್ನು ಒಂದು ವಾರ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಯಾವಾಗಲೂ ಒಂದೇ ಕೊನೆಯಲ್ಲಿ ನಿಂತಿದ್ದರೆ ವೈರು ಎಲ್ಲೋ ತುಂಡಾಗಿದೆ ಅಥವಾ ಸವೆದು ಕಾರಿನ ಲೋಹದ ಮೈಗೆ (ಬಾಡಿ) ತಗುಲಿದೆ. ನಡುವೆ ಎಲ್ಲೋ ಒಂದು ಜಾಗದಲ್ಲಿ ಸಿಕ್ಕಿಕೊಂಡಿದ್ದರೆ ತೋಳು ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಒಂದು ನಿರ್ದಿಷ್ಟ ಮಟ್ಟದಲ್ಲಿ ಮಾತ್ರ ಹಾರಾಡಿ ಉಳಿದೆಡೆ ಸರಿಯಿದ್ದರೆ ಪ್ರತಿರೋಧಕದ ಪಟ್ಟಿ ಆ ಜಾಗದಲ್ಲಿ ಸವೆದಿದೆ. ಪ್ರತಿ ಸಲವೂ ಐನೂರು ರೂಪಾಯಿಯ ಪೆಟ್ರೋಲ್ ಮಾತ್ರ ಹಾಕಿಸುವವರ ಕಾರಿನಲ್ಲಿ ತೋಳು ವರ್ಷಗಟ್ಟಲೆ ಕೆಳಗಿನ ಕಾಲುಭಾಗದಲ್ಲೇ ಉಜ್ಜಾಡುವುದರಿಂದ ಅಲ್ಲಿಯೇ ಸವೆತ ಹೆಚ್ಚು.

ಪೆಟ್ರೋಲ್ ಮುಳ್ಳಿನ ಜೊತೆಗೆ ಇಂಜಿನ್ ಬಿಸಿ ತೋರಿಸುವ ಮುಳ್ಳೂ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ಟ್ಯಾಂಕಿನ ಕಡೆಗೆ ಹೋಗಲೇಬೇಡಿ. ಬೈಮೆಟಲ್ ಮೀಟರಿನ ಅನೇಕ ವಾಹನಗಳಲ್ಲಿ ಈ ಎರಡಕ್ಕೂ ಸೇರಿಸಿ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಸರಾಸರಿ 10 ವೋಲ್ಟಿಗೆ ಇಳಿಸಿ ಕೊಡುವುದು ಅದರ ಕೆಲಸ. ಅದು ಕೆಟ್ಟರೆ ಅಥವಾ ಅದರ ಅರ್ತ್, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಸಂಪರ್ಕ, ಸಡಿಲವಾದರೆ ಎರಡೂ ಮುಳ್ಳುಗಳು ಇರುವುದಕ್ಕಿಂತ ಹೆಚ್ಚು ತೋರಿಸತೊಡಗುತ್ತವೆ.

ಇನ್ನೊಂದು ಲಕ್ಷಣವನ್ನು ವಿಶೇಷವಾಗಿ ಹೇಳಬೇಕು. ನಮ್ಮ ಬೀದಿಯ ಹುಡುಗನೊಬ್ಬ ಕೋಲಾರದ ಟೊಮೆಟೊ ಮಂಡಿಗೆ ಹಳೆಯ ಓಮ್ನಿಯಲ್ಲಿ ಕ್ರೇಟು ಸಾಗಿಸುತ್ತಾನೆ. ಅವನು ಒಂದು ದಿನ ಬೆಳಗಿನ ಜಾವ ಬಾಗಿಲು ತಟ್ಟಿ, "ಅಣ್ಣಾ, ಲೈಟ್ ಹಾಕಿದ್ರೆ ಪೆಟ್ರೋಲ್ ಕಮ್ಮಿ ಆಗುತ್ತೆ, ಬಂದು ನೋಡಿ" ಎಂದ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಲೈಟ್ ಸ್ವಿಚ್ ಒತ್ತಿದೊಡನೆ ಅರ್ಧದಲ್ಲಿದ್ದ ಮುಳ್ಳು ಮೆಲ್ಲಗೆ ಇಳಿಯಿತು, ಆರಿಸಿದರೆ ಮತ್ತೆ ಏರಿತು. ಹಿಂದಿನ ದೀಪಗಳಿಗೂ ಫ್ಲೋಟ್ ಯೂನಿಟ್ಟಿಗೂ ಅರ್ತ್ ಒಂದೇ ಸ್ಕ್ರೂವಿನಲ್ಲಿತ್ತು. ಆ ಸ್ಕ್ರೂ ಬಿಚ್ಚಿದಾಗ ಕೆಂಪು ಮಣ್ಣಿನ ಪುಡಿ ಉದುರಿತು, ಒಳಗಿನ ತಾಮ್ರದ ಲಗ್ಗಿನ (ವೈರಿನ ತುದಿಯ ಬಳೆಯಂಥ ತುಂಡು) ಮೇಲೆ ಹಸಿರು ಕಿಲುಬು ಕಟ್ಟಿತ್ತು, ಅದರ ಕೆಳಗಿನ ತಗಡು ತುಕ್ಕು ಹಿಡಿದು ಸಿಪ್ಪೆ ಎದ್ದಿತ್ತು. ದೀಪದ ಕರೆಂಟು ಆ ಕೆಟ್ಟ ಅರ್ತ್‌ನಲ್ಲಿ ದಾರಿ ಸಿಗದೆ ತಡೆದಾಗ ಮೀಟರಿಗೆ ಪ್ರತಿರೋಧ ಹೆಚ್ಚಿದಂತೆ ಭಾಸವಾಗುತ್ತಿತ್ತು. ತಗಡು ಹೊಳೆಯುವಂತೆ ಉಪ್ಪುಕಾಗದದಿಂದ ಉಜ್ಜಿ, ಹೊಸ ಲಗ್ಗು ಹಾಕಿ, ಬಿಗಿದು, ಮೇಲೆ ಒಂದು ಪದರ ಗ್ರೀಸ್ ಹಚ್ಚಿದೆವು. ಖರ್ಚಾದದ್ದು ಒಂದು ಲಗ್ಗಿನ ಬೆಲೆ ಮಾತ್ರ.

ಅರ್ತ್ ಮತ್ತು ಫ್ಯೂಸ್

ಆದ್ದರಿಂದ ಕೈಹಾಕುವ ಕೆಲಸವನ್ನು ಯಾವಾಗಲೂ ಅರ್ತ್‌ನಿಂದಲೇ ಆರಂಭಿಸಿ. ಮೀಟರಿನ ಫ್ಯೂಸ್ ಸರಿಯಿದೆಯೇ ನೋಡಿ. ನಂತರ ಮಲ್ಟಿಮೀಟರನ್ನು ವೋಲ್ಟೇಜಿಗೆ ಇಟ್ಟು, ಕೀ ಆನ್ ಮಾಡಿ, ಹಿಂದಿನ ದೀಪಗಳನ್ನೂ ಉರಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಫ್ಲೋಟ್ ಯೂನಿಟ್ಟಿನ ಅರ್ತ್ ವೈರು ಬಾಡಿಗೆ ಸೇರುವ ಲಗ್ಗಿಗೂ ತಾಗಿಸಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಅರ್ತ್ ಕೆಟ್ಟಿದೆ. ಮಲ್ಟಿಮೀಟರ್ ಇಲ್ಲದವರು ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದನೆಯ ವೈರನ್ನು ಅದೇ ಲಗ್ಗಿಗೆ ಮುಟ್ಟಿಸಿ ನೋಡಬಹುದು. ಆಗ ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ದೋಷ ಸಿಕ್ಕಿತೆಂದೇ ಅರ್ಥ.

ದೋಷ ಹಿಂದೋ ಮುಂದೋ ಎಂದು ಬೇರ್ಪಡಿಸುವ ಪರೀಕ್ಷೆ

ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೀ ಆಫ್ ಮಾಡಿ, ಟ್ಯಾಂಕಿನಿಂದ ಬರುವ ವೈರಿನ ಕನೆಕ್ಟರ್ ಬಿಡಿಸಿ. ಸುತ್ತಮುತ್ತ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆಯನ್ನು ಟ್ಯಾಂಕಿನ ಹತ್ತಿರ ಮಾಡಕೂಡದು, ಮುಂದಿನ ಕಡೆಯ ಕನೆಕ್ಟರಿನಲ್ಲೇ ಮಾಡಬೇಕು. ಈಗ ಕೀ ಆನ್ ಮಾಡಿ ಒಂದು ನಿಮಿಷ ಕಾದರೆ ಮುಳ್ಳು ಒಂದು ಕೊನೆಗೆ ಹೋಗಿ ನಿಲ್ಲಬೇಕು. ಹೆಚ್ಚಿನ ಕಾರುಗಳಲ್ಲಿ ಅದು ಖಾಲಿಯ ಕೊನೆ. ನಂತರ ಮೀಟರಿನ ಕಡೆಗೆ ಹೋಗುವ ವೈರಿನ ತುದಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಬಳಸುವ 12 ವೋಲ್ಟ್, 3.4 ವ್ಯಾಟಿನ ಸಣ್ಣ ಬಲ್ಬಿನ ಮೂಲಕ ಬಾಡಿಗೆ ಅರ್ತ್ ಮಾಡಿ. ಮುಳ್ಳು ಇನ್ನೊಂದು ಕೊನೆಯತ್ತ ಸ್ಪಷ್ಟವಾಗಿ ಏರಬೇಕು. ಬಲ್ಬಿಲ್ಲದೆ ನೇರವಾಗಿ ಅರ್ತ್ ಮಾಡುವ ರೂಢಿಯೂ ಇದೆ, ಆದರೆ ಹೆಚ್ಚು ಹೊತ್ತು ಹಿಡಿದರೆ ಮೀಟರಿನೊಳಗಿನ ಸುರುಳಿ ಸುಟ್ಟುಹೋಗಬಹುದು. ಒಳ್ಳೆಯ ಮೀಟರನ್ನು ಪರೀಕ್ಷಿಸುವ ಭರದಲ್ಲಿ ಕೆಡಿಸಿಕೊಳ್ಳುವುದು ಬೇಡ, ಬಲ್ಬ್ ಇರಲಿ.

ಮುಳ್ಳು ಎರಡೂ ಕಡೆಗೆ ಸರಿಯಾಗಿ ಹೋಗಿಬಂದರೆ ಮೀಟರೂ ಮುಂದಿನ ವೈರೂ ಆರೋಗ್ಯವಾಗಿವೆ, ದೋಷ ಟ್ಯಾಂಕಿನಲ್ಲಿದೆ. ಕದಲದಿದ್ದರೆ ವೈರಿನಲ್ಲೋ ಮೀಟರಿನಲ್ಲೋ ಇದೆ. ನನ್ನ ಕಾರಿನಲ್ಲಿ ಯಾರಾದರೂ ಈ ಐದು ನಿಮಿಷದ ಪರೀಕ್ಷೆ ಮಾಡಿದ್ದರೆ ಹೊಸ ಮೀಟರಿನ ದುಡ್ಡು ಉಳಿಯುತ್ತಿತ್ತು.

ಟ್ಯಾಂಕ್ ಬಿಚ್ಚದೆಯೇ ಅಳೆಯುವುದು

ಟ್ಯಾಂಕಿನ ಮೇಲೆ ಅನುಮಾನ ಬಂದ ಕೂಡಲೇ ಅದನ್ನು ತೆರೆಯಬೇಕಾಗಿಲ್ಲ. ಬಿಡಿಸಿದ ಕನೆಕ್ಟರಿನ ಟ್ಯಾಂಕಿನ ಕಡೆಯ ತುದಿಗೂ ಅರ್ತ್‌ಗೂ ನಡುವೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆದು ಬರೆದುಕೊಳ್ಳಿ. ಟ್ಯಾಂಕ್ ಬಹುತೇಕ ಬರಿದಾಗಿರುವಾಗ ಒಮ್ಮೆ, 5 ಲೀಟರ್ ಹಾಕಿಸಿದ ಮೇಲೆ ಒಮ್ಮೆ, 10 ಲೀಟರಿಗೆ ಒಮ್ಮೆ, ತುಂಬಿದಾಗ ಒಮ್ಮೆ, ಹೀಗೆ ಪ್ರತಿ ಸಲ ಬಂಕಿನಿಂದ ದೂರ ಬಂದು ಅಳೆಯಿರಿ. ಸಂಖ್ಯೆ ಒಂದೇ ದಿಕ್ಕಿಗೆ ಕ್ರಮವಾಗಿ ಬದಲಾಗುತ್ತಿದ್ದರೆ ಯೂನಿಟ್ ಚೆನ್ನಾಗಿದೆ. ಎಷ್ಟು ಹಾಕಿಸಿದರೂ ಬದಲಾಗದಿದ್ದರೆ ತೋಳು ಅಂಟಿದೆ ಅಥವಾ ತೇಲು ಮುಳುಗಿದೆ. ಅಂಕಿ ಬಾರದೆ ಅಪರಿಮಿತ ಪ್ರತಿರೋಧ ತೋರಿಸಿದರೆ ಒಳಗಿನ ತಂತಿ ತುಂಡಾಗಿದೆ. ಕೆಲವು ವಾಹನಗಳಲ್ಲಿ ಪೆಟ್ರೋಲ್ ಕಡಿಮೆಯಾದಾಗ ಉರಿಯುವ ದೀಪಕ್ಕೆ ಬೇರೆಯೇ ಸಂವೇದಕ ಇರುತ್ತದೆ; ಮುಳ್ಳು ಕಾಲು ಗೆರೆಯಲ್ಲಿದ್ದಾಗಲೇ ಆ ದೀಪ ಉರಿದರೆ ದೀಪದ ಮಾತನ್ನೇ ನಂಬಿ.

ಟ್ಯಾಂಕ್ ತೆರೆಯುವಾಗ

ಇಲ್ಲಿಂದ ಮುಂದಿನದನ್ನು ಅನುಭವವಿಲ್ಲದವರು ಒಬ್ಬ ಮೆಕ್ಯಾನಿಕ್ಕಿನ ಜೊತೆಯಲ್ಲಿಯೇ ಮಾಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮಟ್ಟದಲ್ಲೇ ಹರಡಿ, ದೂರದಲ್ಲಿರುವ ಒಲೆಯನ್ನೋ ಮೋಟರ್ ಸ್ವಿಚ್ಚನ್ನೋ ತಲುಪಬಲ್ಲದು. ಕೆಲಸವನ್ನು ಶೆಡ್ಡಿನೊಳಗೆ, ಪಂಪ್‌ಹೌಸಿನ ಪಕ್ಕದಲ್ಲಿ, ಅಡುಗೆಮನೆಯ ಹಿಂದೆ ಮಾಡಬಾರದು, ಬಯಲಿನಲ್ಲೇ ಮಾಡಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ಬೀಡಿ ಸಿಗರೇಟು ಸುಳಿಯಬಾರದು, ವೈರಿನಲ್ಲಿ ನೇತುಹಾಕುವ ಬಲ್ಬ್ ಬೇಡ, ಹಗಲಲ್ಲೇ ಮುಗಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಟ್ಯಾಂಕಿನಲ್ಲಿ ಪೆಟ್ರೋಲ್ ಆದಷ್ಟು ಕಡಿಮೆ ಇರುವ ದಿನ ನೋಡಿಕೊಳ್ಳಿ, ಉಳಿದದ್ದನ್ನು ನೀರಿನ ಬಾಟಲಿಗಳಿಗೆ ಸುರಿಯದೆ ಭದ್ರವಾದ ಮುಚ್ಚಳವಿರುವ ತಗಡಿನ ಕ್ಯಾನಿಗೆ ಇಳಿಸಿ.

ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಯೂನಿಟ್ಟಿಗೆ ಮುಚ್ಚಳವಿರುತ್ತದೆ, ಇನ್ನು ಕೆಲವುಗಳಲ್ಲಿ ಟ್ಯಾಂಕನ್ನೇ ಇಳಿಸಬೇಕಾಗುತ್ತದೆ. ಬಿಚ್ಚುವ ಮೊದಲು ಯೂನಿಟ್ಟಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಚೆನ್ನಾಗಿ ತೆಗೆಯಿರಿ. ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿನೊಳಗೆ ಬೀಳುತ್ತದೆ. ಯೂನಿಟ್ಟಿನ ತಟ್ಟೆಗೂ ಟ್ಯಾಂಕಿಗೂ ಸೇರುವಂತೆ ಒಂದು ಗೆರೆ ಗುರುತು ಹಾಕಿಕೊಂಡರೆ ಮರುಜೋಡಣೆಯಲ್ಲಿ ತೋಳಿನ ದಿಕ್ಕು ತಪ್ಪುವುದಿಲ್ಲ.

ನನ್ನ ಕಾರಿನ ಯೂನಿಟ್ ಹೊರಗೆ ಬಂದಾಗ ಕಾರಣ ಕಣ್ಣಿಗೇ ಕಾಣಿಸಿತು. ತೋಳಿನ ಸಂದಿಯಲ್ಲಿ ಕಂದು ಬಣ್ಣದ ಅಂಟು ಹತ್ತಿತ್ತು. ಬೆರಳಿನಿಂದ ಎತ್ತಿದರೆ ತೋಳು ಬೆಲ್ಲದ ಪಾಕದಲ್ಲಿ ಸಿಕ್ಕಿದಂತೆ ನಿಧಾನವಾಗಿ ಏರುತ್ತಿತ್ತು, ಬಿಟ್ಟರೆ ಕೆಳಗಿಳಿಯದೆ ಕಾಲುಭಾಗದ ಹತ್ತಿರ ನಿಂತುಬಿಡುತ್ತಿತ್ತು. ಕಾರನ್ನು ಹಿಂದಿನ ವರ್ಷ ಐದಾರು ತಿಂಗಳು ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಹಳೆಯ ಪೆಟ್ರೋಲ್ ಹೀಗೆ ಅಂಟಾಗಿ ಕೂರುತ್ತದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಎಲ್ಲೆಡೆ ಬಳಕೆಯಲ್ಲಿದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ವರ್ಷಕ್ಕೆ ಹಲವು ತಿಂಗಳು ನಿಂತೇ ಇರುವ ಹಳೆಯ ವಾಹನಗಳ ಟ್ಯಾಂಕಿನಲ್ಲಿ ತುಕ್ಕು ಕಿಲುಬು ಬೇಗ ಕಾಣಿಸಿಕೊಳ್ಳಬಹುದು. ಅಂಥ ಕಾರನ್ನು ಆಗಾಗ ಓಡಿಸಿ ಪೆಟ್ರೋಲ್ ಹೊಸದಾಗುವಂತೆ ನೋಡಿಕೊಳ್ಳಬೇಕು.

ಹೊರತೆಗೆದ ಯೂನಿಟ್ಟಿನಲ್ಲಿ ಮೂರು ವಿಷಯ ನೋಡಿ. ತೇಲನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಫೋಮಿನ ತೇಲಾದರೆ ಪೆಟ್ರೋಲ್ ಕುಡಿದು ಭಾರವಾಗಿರುತ್ತದೆ. ತೂತಾದ ಹಿತ್ತಾಳೆ ತೇಲಿಗೆ ಬೆಸುಗೆ ಹಾಕಿಸುವ ರೂಢಿ ಹಿಂದೆ ಇತ್ತು. ಒಳಗೆ ಒಂದು ಹನಿ ಪೆಟ್ರೋಲ್ ಉಳಿದಿದ್ದರೂ ಬಿಸಿ ತಾಗಿದಾಗ ಅದು ಸಿಡಿಯುತ್ತದೆ, ಆದ್ದರಿಂದ ಹೊಸ ತೇಲನ್ನೇ ಹಾಕಿಸಿ. ಎರಡನೆಯದು ಪಟ್ಟಿ ಮತ್ತು ಅದರ ಮೇಲೆ ಜಾರುವ ಸಂಪರ್ಕ. ಯೂನಿಟ್ ಪೂರ್ತಿ ಒಣಗಿದ ಮೇಲೆ, ಟ್ಯಾಂಕಿನಿಂದ ದೂರ ಕುಳಿತು, ಮಲ್ಟಿಮೀಟರ್ ಜೋಡಿಸಿ ತೋಳನ್ನು ಕೆಳಗಿನಿಂದ ಮೇಲಕ್ಕೆ ಬಹಳ ನಿಧಾನವಾಗಿ ಸರಿಸಿ. ಅಂಕಿ ಎಲ್ಲಿಯೂ ಹಾರದೆ ಸಾಗಬೇಕು. ಕಿಲುಬಿದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೆತ್ತನೆಯ ಬಟ್ಟೆಯಿಂದ ಒರೆಸಿ. ಬಾಡಿಯ ಅರ್ತ್‌ಗೆ ಉಪಯೋಗವಾದ ಉಪ್ಪುಕಾಗದವನ್ನು ಇಲ್ಲಿ ಮುಟ್ಟಲೂಬೇಡಿ, ಕೂದಲೆಳೆಯಷ್ಟು ತೆಳುವಾದ ತಂತಿ ಅಥವಾ ಲೇಪನ ಒಂದೇ ಉಜ್ಜಿಗೆ ಹೋಗುತ್ತದೆ. ಮೂರನೆಯದು ತೋಳು ಬಾಗಿದೆಯೇ, ಟ್ಯಾಂಕಿನ ಗೋಡೆಗೆ ತಾಗುತ್ತಿದೆಯೇ ಎಂಬುದು.

ಯೂನಿಟ್ ಬದಲಾಯಿಸಲೇಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ನಮ್ಮ ಜಿಲ್ಲೆಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. ನೋಡಲು ಒಂದೇ ತರಹ ಇದ್ದರೆ ಸಾಲದು; ಬರಿದು ಮತ್ತು ತುಂಬಿದ ಸ್ಥಿತಿಯ ಓಮ್ ಅಂಕಿಗಳನ್ನು ಅಂಗಡಿಯಲ್ಲೇ ಅಳೆದು ನೋಡಿ. ಗುಜರಿಯಿಂದ ತಂದ ಯೂನಿಟ್ಟಾದರೆ ಈ ಪರೀಕ್ಷೆ ಇನ್ನೂ ಮುಖ್ಯ.

ಮರುಜೋಡಿಸುವಾಗ ತಟ್ಟೆಯ ಅಡಿಯಲ್ಲಿ ಸೋರದಂತೆ ಇಡುವ ಹಳೆಯ ಪ್ಯಾಕಿಂಗ್ ಬೇಡ, ಪೆಟ್ರೋಲ್ ತಡೆಯುವ ಹೊಸ ಪ್ಯಾಕಿಂಗ್ ಹಾಕಿ. ಸ್ಕ್ರೂಗಳನ್ನು ಒಂದರ ಎದುರಿಗೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ತೋಳನ್ನು ಬಗ್ಗಿಸಿ ಅಳತೆ ಹೊಂದಿಸುವ ಅಗತ್ಯ ಬಿದ್ದರೆ ತುಂಬಿದ ಕಡೆಯನ್ನು ಸರಿ ಮಾಡಲು ಹೋಗದೆ ಖಾಲಿಯ ಕಡೆಯನ್ನು ನಿಖರ ಮಾಡಿಕೊಳ್ಳಿ. ತುಂಬಿದ ಟ್ಯಾಂಕನ್ನು ಮುಕ್ಕಾಲು ಎಂದು ತೋರಿಸುವ ಮೀಟರಿನಿಂದ ಯಾರಿಗೂ ತೊಂದರೆಯಿಲ್ಲ, ಬರಿದಾದದ್ದನ್ನು ಕಾಲುಭಾಗ ಎಂದು ತೋರಿಸುವ ಮೀಟರ್ ರಾತ್ರಿ ದಾರಿಯಲ್ಲಿ ನಿಲ್ಲಿಸುತ್ತದೆ.

ದೋಷ ಮುಂದಿನ ಕಡೆ ಇದ್ದರೆ

ವೈರನ್ನು ಹಿಂದಿನಿಂದ ಮುಂದಿನವರೆಗೆ ಹಿಡಿದುಕೊಂಡು ಹೋಗಿ, ಬಾಗಿಲ ಅಂಚಿನ ತಗಡಿನ ಕೆಳಗೆ ಜಜ್ಜಿದೆಯೇ, ಇಲಿ ಕಡಿದಿದೆಯೇ ನೋಡಿ. ಮೀಟರಿನ ಹಿಂದಿನ ಸಣ್ಣ ನಟ್ಟುಗಳು ಸಡಿಲವಾಗಿದ್ದರೂ ಮುಳ್ಳು ಸಾಯುತ್ತದೆ. ಇವೆಲ್ಲ ಸರಿಯಿದ್ದು, ಮೀಟರಿಗೆ ಕರೆಂಟು ಬರುತ್ತಿದ್ದು, ಬಲ್ಬಿನ ಪರೀಕ್ಷೆಗೂ ಮುಳ್ಳು ಕದಲದಿದ್ದರೆ ಮಾತ್ರ ಹೊಸ ಮೀಟರ್ ಕೊಳ್ಳಿ.

ಸರಿಯಾಗುವವರೆಗೆ

ಮೀಟರ್ ಕೆಟ್ಟಿರುವಾಗ ಟ್ರಿಪ್ ಮೀಟರನ್ನೋ ಓಡೋಮೀಟರನ್ನೋ ಆಧರಿಸಿ ಓಡಿಸಿ. ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದಿಟ್ಟುಕೊಂಡು, ಲೀಟರಿಗೆ 15 ಕಿಲೋಮೀಟರ್ ಕೊಡುವ, 28 ಲೀಟರ್ ಟ್ಯಾಂಕಿನ ಕಾರಾದರೆ 250 ಕಿಲೋಮೀಟರಿಗೆಲ್ಲ ಮತ್ತೆ ತುಂಬಿಸಿ. ಕೋಲಾರದಿಂದಾಗಲಿ ತುಮಕೂರಿನಿಂದಾಗಲಿ ಬೆಂಗಳೂರಿಗೆ ಒಮ್ಮೆ ಹೋಗಿಬಂದರೆ ಸುಮಾರು 140 ಕಿಲೋಮೀಟರ್ ಆಗುತ್ತದೆ. ಎರಡನೆಯ ಸಲ ಹೊರಡುವ ಮೊದಲೇ ತುಂಬಿಸಿಬಿಡುವುದು ಸುರಕ್ಷಿತ. ಹಳೆಯ ಸುಮೋ, ಜೀಪುಗಳಂಥ ಡೀಸೆಲ್ ವಾಹನಗಳವರು ಇನ್ನೂ ಜಾಗರೂಕರಾಗಿರಬೇಕು. ಡೀಸೆಲ್ ಪೂರ್ತಿ ಮುಗಿದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಮತ್ತೆ ಡೀಸೆಲ್ ಹಾಕಿದ ಮಾತ್ರಕ್ಕೆ ಇಂಜಿನ್ ಹಿಡಿಯುವುದಿಲ್ಲ, ಕೈಪಂಪ್ ಒತ್ತಿ ಗಾಳಿ ಬಿಡಿಸಬೇಕಾಗುತ್ತದೆ. ಟ್ಯಾಂಕಿನೊಳಗೇ ಪಂಪ್ ಇರುವ ಪೆಟ್ರೋಲ್ ಕಾರುಗಳಲ್ಲಿ ಆ ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ ಆದ್ದರಿಂದ ಬರಿದು ಟ್ಯಾಂಕಿನಲ್ಲಿ ಓಡಿಸಿದರೆ ಪಂಪ್ ಸುಡುತ್ತದೆ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಕಾರಿನ ಬಾಗಿಲು ತೆರೆದ ಕೂಡಲೇ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಕಾರು ಚಾಲೂ ಮಾಡದೆ ಪ್ಯಾಕಿಂಗನ್ನು ಮತ್ತೆ ಪರೀಕ್ಷಿಸಿ. ವಾಸನೆ ಇಲ್ಲದಿದ್ದರೆ ಮತ್ತೆ ಮೊದಲಿನ ಅಳತೆಯನ್ನೇ ಮಾಡಿ: ಮುಳ್ಳು ಪ್ರತಿ ಗೆರೆಗೆ ಬಂದಾಗ ತುಂಬಿಸಿ, ಹಿಡಿದ ಲೀಟರುಗಳನ್ನು ಬರೆದು, ಆ ಚೀಟಿಯನ್ನು ಡ್ಯಾಶ್‌ಬೋರ್ಡಿನ ಮುಚ್ಚಳದ ಒಳಗೆ ಅಂಟಿಸಿ. ನನ್ನ ಕಾರಿನ ಚೀಟಿಯಲ್ಲಿ ಈಗ ಅರ್ಧ ಗೆರೆಗೆ 13, ಕಾಲು ಗೆರೆಗೆ 20, ಕೆಂಪು ಗೆರೆಗೆ 24 ಲೀಟರ್ ಎಂದಿದೆ. ಮನೆಯವರಲ್ಲಿ ಯಾರು ಕಾರು ತೆಗೆದರೂ ಮುಳ್ಳಿನ ಜೊತೆಗೆ ಆ ಚೀಟಿಯನ್ನೂ ನೋಡಿಕೊಂಡೇ ಹೊರಡುತ್ತಾರೆ.